ಎದುರುಮನೆಯವರ ಮಾತ್ರೆ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಶುಗರ್‌ನಿಂದ ಬರುವ ನರದ ಉರಿಗೆ ಕೊಡುವ ಪ್ರಿಗ್ಯಾಬಲಿನ್ ಮಾತ್ರೆ ಹತ್ತು ದಿನ ತಗೊಂಡರೂ ನಿನ್ನಮ್ಮನ ಅಂಗಾಲು ಉರಿ ಹಾಗೇ ಇದೆ ಅಂತ ಬರೆದಿದ್ದೀಯ. ಎದುರುಮನೆಯವರಿಗೆ ಅದೇ ಮಾತ್ರೆ ಬೇಗ ನಾಟಿತಂತೆ, ಡಾಕ್ಟರನ್ನೇ ಬದಲಾಯಿಸಲಾ ಅಂತಲೂ ಕೇಳಿದ್ದೀಯ. ಅದು ಆಮೇಲಿನ ಮಾತು. ಮೊದಲು ಎದುರುಮನೆಯವರ ಲೆಕ್ಕ ಬಿಡು.

ನಮ್ಮ ಮನೆಯಲ್ಲೇ ನೋಡಿದ್ದೀಯಲ್ಲ. ನಿನ್ನ ದೊಡ್ಡಪ್ಪನಿಗೂ ನನಗೂ ಶುಗರ್, ಇಬ್ಬರಿಗೂ ಕಾಲು ಉರಿ, ಡಾಕ್ಟರೂ ಒಬ್ಬರೇ. ದೊಡ್ಡಪ್ಪನಿಗೆ ಪ್ರಿಗ್ಯಾಬಲಿನ್‌ನಿಂದ ಉರಿ ಇಳಿಯಿತು, ಆದರೆ ಬೆಳಗ್ಗೆ ಪೇಪರ್ ಹಿಡಿದುಕೊಂಡೇ ತೂಕಡಿಕೆ. ಪಾದ ಊದಿ ಚಪ್ಪಲಿ ಪಟ್ಟಿಯ ಗುರುತು ಸಂಜೆವರೆಗೂ ಹೋಗುತ್ತಿರಲಿಲ್ಲ. ನನಗೆ ಅದು ನಾಟಲೇ ಇಲ್ಲ, ಡುಲಾಕ್ಸೆಟಿನ್ ಅನ್ನೋ ಇನ್ನೊಂದು ಮಾತ್ರೆ ಒಗ್ಗಿತು. ಅದೂ ಸುಮ್ನೆ ಅಲ್ಲ, ಶುರುವಿನಲ್ಲಿ ಹೊಟ್ಟೆ ತೊಳಸಿ ಕಾಫಿಯೂ ಬೇಡವಾಗಿತ್ತು.

ಪ್ರಿಗ್ಯಾಬಲಿನ್ ಹೆಚ್ಚುಕಮ್ಮಿ ಪೂರ್ತಿ ಮೂತ್ರದಲ್ಲೇ ಹೋಗುತ್ತದೆ. ಕಿಡ್ನಿ ಸೋತಿದ್ದರೆ ಮೈಯಲ್ಲಿ ಉಳಿದು ಮಂಪರು, ತಲೆಸುತ್ತು ಜಾಸ್ತಿ, ಡೋಸ್ ಇಳಿಸಬೇಕಾಗುತ್ತದೆ. ಇದೇ ಉರಿಗೆ ಕೊಡುವ ಮೂರನೆಯ ಮಾತ್ರೆ ಅಮಿಟ್ರಿಪ್ಟಿಲಿನ್‌ದು ಬೇರೆ ದಾರಿ. ಅದನ್ನು ಒಡೆಯುವುದು ಲಿವರ್. ಆ ಕೆಲಸ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ, ಕೆಲವರಲ್ಲಿ ಜೋರು. ಅದೇ ಮಾತ್ರೆ ಒಬ್ಬರಿಗೆ ಜಾಸ್ತಿಯಾಗಿ ಇನ್ನೊಬ್ಬರಿಗೆ ಸಾಲದೆ ಹೋಗುವುದು ಹೀಗೆ.

ಬ್ರಿಟನ್ನಿನಲ್ಲಿ 130 ಜನರ ಮೇಲೆ ಈ ಮೂರು ಮಾತ್ರೆಗಳನ್ನು ಪರೀಕ್ಷಿಸಿ ನೋಡಿದ್ದು 2022ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಒಟ್ಟಾರೆ ಮೂರೂ ಸಮ. ಒಂದೇ ಮಾತ್ರೆ ಸಾಲದವರಿಗೆ ಎರಡನೆಯದನ್ನು ಸೇರಿಸಿದಾಗ ನೋವು ಇನ್ನಷ್ಟು ಇಳಿಯಿತು. ಅಲ್ಲಿ ಒಂಟಿ ಮಾತ್ರೆಗೇ 6 ವಾರ ಕೊಟ್ಟಿದ್ದರು. ನೀನು ಹತ್ತು ದಿನಕ್ಕೇ ಕೈಚೆಲ್ಲಿದರೆ ಹೇಗೆ?

ರಾತ್ರಿ ಮಲಗುವ ಮುಂಚೆ ಹತ್ತು ಅಂಕದಲ್ಲಿ ಉರಿಗೆ ಎಷ್ಟು ಅಂತ ಅಮ್ಮನನ್ನು ಕೇಳಿ ಕ್ಯಾಲೆಂಡರ್ ಚೌಕದಲ್ಲಿ ಬರಿ. ಎಂಟು ಇದ್ದದ್ದು ನಾಲ್ಕಕ್ಕೆ ಬಂದರೆ ಡಾಕ್ಟರುಗಳ ಪ್ರಕಾರ ಅದೇ ಒಳ್ಳೆ ಫಲ. ಪೂರ್ತಿ ಹೋಗಲಿ ಅಂತ ಹಟ ಹಿಡಿದರೆ ಇರುವ ಲಾಭವೂ ಕಾಣುವುದಿಲ್ಲ. ಡೋಸ್ ಏರಿಸುವುದು, ಮಾತ್ರೆ ಬದಲಾಯಿಸುವುದು ಡಾಕ್ಟರೇ ಮಾಡಲಿ. ನೀನಾಗಿ ದಿಢೀರ್ ನಿಲ್ಲಿಸಬೇಡ. ಎದುರುಮನೆಯವರು ಪ್ರೀತಿಯಿಂದ ಸ್ಟ್ರಿಪ್ ಕೊಟ್ಟರೂ ತಗೋಬೇಡ.

ಡುಲಾಕ್ಸೆಟಿನ್ ಬರೆದುಕೊಟ್ಟರೆ ಅಮ್ಮನಿಗೆ ಮೊದಲೇ ಹೇಳಿಡು. ಅದನ್ನು ಖಿನ್ನತೆಗೂ ಕೊಡುತ್ತಾರೆ. ಮೆಡಿಕಲ್ ಶಾಪಿನಲ್ಲಿ ಯಾರೋ ಹಾಗಂದರೆ "ನನಗೇನು ತಲೆ ಕೆಟ್ಟಿದೆಯಾ" ಅಂತ ಮಾತ್ರೆ ಬಿಸಾಡುವ ಜಾತಿ ಅವಳು. ನನ್ನ ತಂಗಿ ನನಗೆ ಗೊತ್ತಿಲ್ವಾ!

ಇನ್ನೊಂದು. ಅವಳು ವರ್ಷಗಟ್ಟಲೆ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡಿದ್ದಾಳೆ. ಅದರಿಂದ ಬಿ-12 ವಿಟಮಿನ್ ಇಳಿಯಬಹುದು, ಇಳಿದರೂ ಕಾಲು ಹೀಗೇ ಜುಮ್ಮೆನ್ನುತ್ತದೆ. ಮುಂದಿನ ಸಲ ಹೋಗುವಾಗ ಆ ಟೆಸ್ಟ್ ಬೇಕಾ ಅಂತ ಕೇಳು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟನ್ನೂ ತಗೊಂಡು ಹೋಗು. ಗಾಂಧಿ ಬಜಾರ್ ಕಡೆ ಬಂದರೆ ಮನೆಗೆ ಬಾ.

ಇಂತಿ,
ನಿನ್ನ ದೊಡ್ಡಮ್ಮ