ಪುಟ್ಟಿ, ಮುತ್ತಿನ ತೂತು ನೋಡಿ ತಗೋ

ಪ್ರೀತಿಯ ಪುಟ್ಟಿ,

ಆಫೀಸ್ ಕೆಲಸಕ್ಕೆ ಹೈದರಾಬಾದಿಗೆ ಹೋಗ್ತೀನಿ, ಹಾಗೇ ಒಂದೆಳೆ ಮುತ್ತಿನ ಸರ ತಗೋತೀನಿ ಅಂದೆಯಲ್ಲ ನಿನ್ನೆ. ಒಲೆ ಮೇಲೆ ರೇಷ್ಮೆ ಗೂಡು ಬೇಯುತ್ತಿತ್ತು, ಸರಿ ಸರಿ ಅಂದು ಫೋನ್ ಇಟ್ಟುಬಿಟ್ಟೆ. ರಾತ್ರಿ ನನ್ನ ಹಳೆಯ ಸರ ನೆನಪಾಗಿ ನಿದ್ದೆನೇ ಬರಲಿಲ್ಲ.

ಆಗ ನಿನಗೆ ಮೂರು ವರ್ಷ. ಶಿಡ್ಲಘಟ್ಟದಿಂದ ಬಸ್ ಮಾಡಿಕೊಂಡು ಹೋಗಿದ್ದೆವು. ಚಾರ್ಮಿನಾರ್ ಹತ್ತಿರ ಒಬ್ಬ ಅಂಗಡಿಯವನು "ಬಸ್ರಾ ಮುತ್ತು ಅಮ್ಮಾ" ಅಂತ ಲೈಟರ್ ಹಚ್ಚಿ ಮಣಿಗೆ ಹಿಡಿದ. ಸುಡಲಿಲ್ಲ. ಬಾಯಿಬಿಟ್ಟುಕೊಂಡು ನೋಡಿದೆವು, ದುಡ್ಡು ಎಣಿಸಿದೆವು. ಗಾಜೂ ಸುಡಲ್ಲ ಅಲ್ವಾ, ಅದು ಒಬ್ಬರಿಗೂ ಹೊಳೆಯಲಿಲ್ಲ! ಎರಡನೇ ಬೇಸಿಗೆಗೆ ತೂತಿನ ಸುತ್ತ ಬಣ್ಣ ಎದ್ದಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನನ್ನದು ಒಡೆಯಲೂ ಇಲ್ಲ, ಈರುಳ್ಳಿ ಥರ ಸುಲಿದುಕೊಂಡಿತು.

ಬಸ್ರಾ ಅಂದರೆ ಪರ್ಷಿಯನ್ ಕೊಲ್ಲಿಯ ಹಳೇ ಕಾಲದ ಮುತ್ತು, ತಾನಾಗಿ ಆದದ್ದು. ಅದು ಬಸ್ಸಿನವರಿಗೆಲ್ಲ ಸಿಗುವಷ್ಟು ಅಗ್ಗವಲ್ಲ. ಈಗ ಅಂಗಡಿಯಲ್ಲಿ ಸಿಗುವ ಅಸಲಿ ಮುತ್ತುಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಸಾಕಿ ಬೆಳೆಸಿದವು. ಅದು ಮೋಸ ಅಲ್ಲ, ನಾವು ಹುಳ ಸಾಕುವುದಿಲ್ಲವೇ. ಜಪಾನಿನ ಮಿಕಿಮೊಟೊ 1893ರಲ್ಲೇ ಸಾಕಿದ ಚಿಪ್ಪಿನಿಂದ ಅರ್ಧಗೋಲದ ಮುತ್ತು ತೆಗೆದಿದ್ದ. ಹೈದರಾಬಾದಿನಲ್ಲಿ ಸಮುದ್ರವೇ ಇಲ್ಲ, ಅಲ್ಲಿ ಆಗುವುದು ತೂತು ಕೊರೆಯುವುದು, ವಿಂಗಡಿಸುವುದು, ಪೋಣಿಸುವುದು. ಮಾಲು ಹೆಚ್ಚಾಗಿ ಚೀನಾದ ಸಿಹಿನೀರಿನದು. ಒಂದೇ ಚಿಪ್ಪಿನಲ್ಲಿ ಡಜನ್‌ಗಟ್ಟಲೆ ಬೆಳೆಯುತ್ತದೆ, ಅದಕ್ಕೇ ಅಗ್ಗ. ಉಪ್ಪುನೀರಿನ ಅಕೋಯಾ ಚಿಪ್ಪಿನಲ್ಲಿ ಒಂದೋ ಎರಡೋ, ಅದಕ್ಕೇ ರೇಟು ಜಾಸ್ತಿ. ನಿನ್ನ ಸಂಬಳಕ್ಕೆ ಸಿಹಿನೀರಿನದೇ ಸಾಕು.

ನೋಡುವುದು ಹೇಗೆ ಅಂದರೆ, ಗೂಡಿನ ಮಾರ್ಕೆಟ್ಟಿನಲ್ಲಿ ಅಪ್ಪ ಏನು ಮಾಡುತ್ತಾರೆ ನೆನಪು ಮಾಡಿಕೋ. ಗೂಡನ್ನು ಬೆಳಕಿಗೆ ಹಿಡಿಯುತ್ತಾರೆ, ಬೆರಳಲ್ಲಿ ಒತ್ತುತ್ತಾರೆ, ಕಿವಿ ಹತ್ತಿರ ಅಲ್ಲಾಡಿಸುತ್ತಾರೆ, ಮಾರುವವನ ಮಾತನ್ನು ಮಾತ್ರ ಕೇಳುವುದಿಲ್ಲ. ನೀನೂ ಅಂಗಡಿಯ ಹಳದಿ ದೀಪದ ಕೆಳಗೆ ನಿಂತು ಒಪ್ಪಬೇಡ. ಸರವನ್ನು ಬಿಳಿ ಬಟ್ಟೆ ಮೇಲೆ ಇಟ್ಟು ಬಾಗಿಲ ಹತ್ತಿರ ತಂದು ನೋಡು. ಮಣಿಯೊಳಗೆ ಬಾಗಿಲಿನ ಬೆಳಕು ಅಂಚು ಸಮೇತ ಕಂಡರೆ ಹೊಳಪು ಚೆನ್ನಾಗಿದೆ ಅಂತ. ಸುಣ್ಣ ಬಳಿದ ಗೋಡೆ ಥರ ಮಂಕಾಗಿದ್ದರೆ ಎಷ್ಟೇ ಗುಂಡಗಿದ್ದರೂ ಬೇಡ. ನನ್ನ ಕೇಳಿದರೆ ಗುಂಡಗಿರುವುದಕ್ಕಿಂತ ಹೊಳಪೇ ಮೊದಲು, ಸ್ವಲ್ಪ ಓರೆಕೋರೆ ಇದ್ದರೆ ರೇಟೂ ಇಳಿಯುತ್ತದೆ. ಎಲ್ಲಾ ಮಣಿಯೂ ಅಚ್ಚಿನಲ್ಲಿ ಹೊಯ್ದ ಹಾಗೆ ಒಂದೇ ಥರ ಇದ್ದು ಬೆಲೆಯೂ ಕಮ್ಮಿ ಅಂದರೆ ಅನುಮಾನ ಪಡು.

ಆಮೇಲೆ ಒಂದು ಮಣಿಯನ್ನು ಮುಂದಿನ ಹಲ್ಲಿನ ಅಂಚಿಗೆ ಮೆಲ್ಲಗೆ ಉಜ್ಜು, ನಾಚಿಕೆ ಬೇಡ. ಅಸಲಿಯದು ನುಣ್ಣನೆ ಮರಳಿನ ಹಾಗೆ ತರಿತರಿ ಅನ್ನುತ್ತದೆ, ನಕಲಿ ಜಾರುತ್ತದೆ. ಗುಲಾಬಿ, ಕಪ್ಪು ಬಣ್ಣದ್ದಾದರೆ ತೂತಿನ ಬಾಯಿ ನೋಡು, ಅಲ್ಲಿ ಬಣ್ಣ ಕಟ್ಟಿಕೊಂಡಿದ್ದರೆ ಅದ್ದಿ ತೆಗೆದದ್ದು. ಚಿನ್ನದಲ್ಲಿ ಕಟ್ಟಿಸಿದ ಓಲೆ ತಗೊಂಡರೆ ಬಿಲ್ಲಿನಲ್ಲಿ ಚಿನ್ನದ ತೂಕ ಬೇರೆ, ಮುತ್ತಿನ ತೂಕ ಬೇರೆ ಬರೆಸು. ಹಾಲ್‌ಮಾರ್ಕ್ ಚಿನ್ನಕ್ಕೆ, ಮುತ್ತಿಗಲ್ಲ.

ಮಣಿ ಮಣಿಗೂ ನಡುವೆ ಗಂಟು ಇರಬೇಕು. ದಾರ ಕಿತ್ತರೂ ಒಂದೇ ಮಣಿ ಬೀಳುತ್ತದೆ, ಒಂದಕ್ಕೊಂದು ಉಜ್ಜುವುದೂ ಇಲ್ಲ. ರೇಷ್ಮೆ ದಾರವಾದರೆ ಕುತ್ತಿಗೆ ಮೇಲೆ ಮೆತ್ತಗೆ ಕೂರುತ್ತದೆ, ಆದರೆ ಬೆವರಿಗೆ ಸವೆಯುತ್ತದೆ, ದಿನಾ ಹಾಕಿದರೆ ವರ್ಷ ಎರಡು ವರ್ಷಕ್ಕೆ ಮತ್ತೆ ಪೋಣಿಸಬೇಕು. ಅಪ್ಪ ಒಮ್ಮೆ ನಮ್ಮ ಮನೆ ನೂಲನ್ನೇ ತಗೊಂಡು ಹೋಗಿದ್ದರು. ಗೋಂದು ತೆಗೆಯದ ಕಚ್ಚಾ ನೂಲು, ತಂತಿ ಥರ ನಿಂತುಕೊಂಡಿತ್ತು, ಪೋಣಿಸುವವನು ನಕ್ಕು ಕಳಿಸಿದ.

ಇನ್ನು ಹುಣಸೆಹಣ್ಣು ಹಾಕಿ ತೊಳೆಯಬೇಡ, ಅದು ದೀಪದ ಕಂಬಕ್ಕೆ. ಮುತ್ತು ಅಂದರೆ ಮುಖ್ಯವಾಗಿ ಸುಣ್ಣದ ಜಾತಿ, ಹುಳಿ ತಿಂದುಹಾಕುತ್ತದೆ. ಸೆಂಟು ಹಾಕಿಕೊಂಡ ಮೇಲೆ ಸರ ಹಾಕು, ತೆಗೆಯುವಾಗ ಸರ ಮೊದಲು. ಒದ್ದೆ ಬಟ್ಟೆಯಲ್ಲಿ ಒರೆಸಿ ಹತ್ತಿ ಚೀಲದಲ್ಲಿಡು, ಪ್ಲಾಸ್ಟಿಕ್ ಕವರ್ ಬೇಡ.

ಈ ಕಾಗದದ ಜೊತೆ ನನ್ನ ಹಳೇ ಸರದ ಒಂದು ಮಣಿ ಇಟ್ಟಿದ್ದೀನಿ. ಸಿಪ್ಪೆ ಎದ್ದಿರೋದು ತೂತಿನ ಎಡಗಡೆ. ಅಂಗಡಿಗೆ ಹೋಗುವಾಗ ಪರ್ಸಿನಲ್ಲಿರಲಿ, ಲೈಟರ್ ತೆಗೆದವನಿಗೆ ಮೊದಲು ಇದನ್ನೇ ಸುಡು ಅನ್ನು.

ನಿನ್ನ ಅಮ್ಮ