ಹಸಿರು ಟವೆಲ್ಲಿನ ಹಿರಿಯರಿಗೆ

ಕಳೆದ ಸೋಮವಾರ ಚಿಕ್ಕಮಗಳೂರು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಮುಂದೆ ಸಿಕ್ಕಿದ್ದಿರಿ. ಡಿಎನ್‌ಎ ಪರೀಕ್ಷೆಗೆ ಎಂಜಲು ಕಳಿಸಿ ದೂರದ ಸಂಬಂಧಿಗಳ ಪಟ್ಟಿ ತರಿಸಿಕೊಂಡಿದ್ದೆ. ಮುತ್ತಜ್ಜನ ಊರು ಅದರಲ್ಲೆಲ್ಲಿ ಸಿಗಬೇಕು! “ಸರ್‌ನೇಮ್ ಹುಡುಕ್ತಾ ಕೂತ್ರೆ ಆಗಲ್ಲ ಕಣಪ್ಪ, ನಮ್ ಕಡೆ ಬರೀ ಇನಿಶಿಯಲ್ಲು. ಸರ್ವೆ ನಂಬರ್ ಹಿಡಿ” ಅಂದಿರಿ. ಹಳೇ ಕೈಬರಹದ ಪಹಣಿಯ ನಕಲಿನ ಮೇಲೆ ಬೆರಳಿಟ್ಟು, ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ ಎಂದು ಓದಿಸಿದಿರಿ. 1947ರವರೆಗೆ ಇಡೀ ಜಿಲ್ಲೆಗೇ ಕಡೂರು ಎಂಬ ಹೆಸರಿತ್ತೆಂದು ನೀವು ಹೇಳದಿದ್ದರೆ ಕಡೂರು ತಾಲ್ಲೂಕಿನಲ್ಲೇ ಅಲೆಯುತ್ತಿದ್ದೆ. ಕೊನೆಗೆ ಒಂದು ‘ಕೋಂ’ ಪಕ್ಕದಲ್ಲಿ ಮುತ್ತಜ್ಜಿಯ ಹೆಸರು! ಮನೆಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಟೀ ಕುಡಿಯೋಣ ಅನ್ನುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟಿರಿ. ವಂಶ ಹುಡುಕಲು ಬಂದವನು ನಿಮ್ಮ ಹೆಸರನ್ನೇ ಕೇಳಲಿಲ್ಲ ನೋಡಿ. ತುಂಬಾ ಉಪಕಾರವಾಯಿತು ಯಜಮಾನರೇ, ಟೀ ಬಾಕಿಯಿದೆ.