ಬಚ್ಚಲ ಬಟ್ಟೆಯಲ್ಲೇ ಅಡುಗೆ ಕಟ್ಟೆ ಒರೆಸಿದರೆ ಯಾರನ್ನು ಕೇಳುವುದು?

ಮಾನ್ಯ ಸಂಪಾದಕರೇ,

ನಮ್ಮ ರಸ್ತೆಯ ಪಿಜಿಗಳಿಗೆ, ಅಂದರೆ ಪೇಯಿಂಗ್ ಗೆಸ್ಟ್ ಹಾಸ್ಟೆಲುಗಳಿಗೆ, ಪಾಲಿಕೆ ಅಧಿಕಾರಿಗಳು ಸೋಮವಾರ ತಪಾಸಣೆಗೆ ಬಂದುಹೋದ ಸುದ್ದಿಯನ್ನು ಮಂಗಳವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಕೊನೆಯ ಸಾಲು ಓದಿ ಮೈಯೆಲ್ಲಾ ಉರಿದುಹೋಯಿತು. ಒಳಗೆ ಇರುವವರೇ ಶುಚಿಯಾಗಿ ಇಟ್ಟುಕೊಳ್ಳದಿದ್ದರೆ ನಾವೇನು ಮಾಡುವುದು ಎಂದು ಅಧಿಕಾರಿಯೊಬ್ಬರು ಹೇಳಿದ್ದಾರೆ. ಆ ಒಳಗೆ ಇರುವವರಲ್ಲಿ ನಾನೂ ಒಬ್ಬಳು. ಮೂರು ವರ್ಷದಿಂದ ಇಲ್ಲೇ ಇದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಬೆಳಗಿನದೇ ಹೇಳುತ್ತೇನೆ. ಆರೂವರೆಗೆ ಸ್ನಾನಕ್ಕೆ ಹೋದೆ. ನೀರು ಹೋಗುವ ಜಾಲರಿಗೆ ಕೂದಲು ಕಟ್ಟಿಕೊಂಡು ಪಾದ ಮುಳುಗುವಷ್ಟು ಸೋಪಿನ ನೀರು ನಿಂತಿತ್ತು. ನನಗಿಂತ ಮುಂಚೆ ಮಿಂದವರ ನೀರು ಅದು. ಅದರಲ್ಲಿ ನಿಂತು ನಾನು ಮೀಯಬೇಕು. ಬಗ್ಗಿ ಕಡ್ಡಿಯಲ್ಲಿ ಕೂದಲು ಎಳೆದು ಹಾಕಿದೆ. ಹಾಕುವುದಕ್ಕೆ ಒಂದು ಡಬ್ಬಿ ಇಲ್ಲ. ಹನ್ನೆರಡು ಜನ ಹೆಣ್ಣುಮಕ್ಕಳಿರುವ ಮಹಡಿಯ ಎರಡು ಬಚ್ಚಲಲ್ಲಿ ಒಂದರಲ್ಲೂ ಮುಚ್ಚಳದ ಕಸದ ಡಬ್ಬಿ ಇಲ್ಲ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕಿಟಕಿ ಸಂದಿಯಲ್ಲಿ ಇಡುತ್ತಾರೆ. ಬೇರೆ ಎಲ್ಲಿಡಬೇಕು ಹೇಳಿ?

ಮಿಂದು ಕಾಫಿಗೆ ಹಾಲು ಕಾಯಿಸಲು ಅಡುಗೆಮನೆಗೆ ಬಂದೆ. ಸ್ವಚ್ಛ ಮಾಡುವ ಅಕ್ಕ ಆಗ ತಾನೇ ಬಚ್ಚಲು ಒರೆಸಿ ಬಂದಿದ್ದರು. ನನ್ನ ಕಣ್ಣೆದುರೇ ಅದೇ ಬಟ್ಟೆಯನ್ನು ಪಾತ್ರೆ ತೊಳೆಯುವ ಸಿಂಕಿನಲ್ಲಿ ಹಿಂಡಿದರು. ಅದರಲ್ಲೇ ಒಲೆ ಕಟ್ಟೆ ಒರೆಸಿದರು. ನಾವು ಚಪಾತಿ ಲಟ್ಟಿಸುವ ಕಟ್ಟೆ ಅದು. 'ಅಕ್ಕಾ, ಅದೇ ಬಟ್ಟೆನಾ?' ಅಂದೆ. 'ಬೇರೆ ಎಲ್ಲೈತೆ ಕಣವ್ವಾ, ಕೊಟ್ಟಿರೋದೇ ಒಂದು' ಅಂದರು.

ಕಾಫಿ ಕುಡಿಯಲಿಲ್ಲ. ಆದರೆ ಅಕ್ಕನ ಮೇಲೆ ನನಗೆ ಸಿಟ್ಟಿಲ್ಲ. ಮೂರು ಮಹಡಿ, ಆರು ಬಚ್ಚಲು, ಮೂರು ಅಡುಗೆಮನೆ, ಎರಡೇ ಗಂಟೆ. ಒಂದು ಬಕೆಟ್, ಒಂದು ಬಟ್ಟೆ, ಕೈಗೆ ಗ್ಲೌಸೂ ಇಲ್ಲ. ಆಮೇಲೆ ಅವರು ಇನ್ನೊಂದು ಕಟ್ಟಡಕ್ಕೆ ಓಡಬೇಕು. ಮಾಲೀಕರಿಗೆ ಬೇರೆ ಬಣ್ಣದ ಇನ್ನೆರಡು ಬಟ್ಟೆ ತಂದುಕೊಡಿ ಎಂದು ನಾನೇ ಎರಡು ಸಲ ಕೇಳಿದ್ದೇನೆ. ನೋಡೋಣಮ್ಮಾ ಅಂದರು. ನೋಡಿದ್ದು ಅಷ್ಟೇ. ಬಾಡಿಗೆ ಮಾತ್ರ ಐದನೇ ತಾರೀಕು ದಾಟಿದರೆ ರಾತ್ರಿ ಹತ್ತಕ್ಕೂ ಬಾಗಿಲು ತಟ್ಟುತ್ತಾರೆ.

ಹನ್ನೆರಡು ಜನರಲ್ಲಿ ಯಾರೂ ಬೇಕಂತಲೇ ಗಲೀಜು ಮಾಡುವವರಲ್ಲ. ಎಲ್ಲರ ಮನೆಯಲ್ಲೂ ಮುಸುರೆ ಮುಟ್ಟಿದರೆ ಕೈ ತೊಳೆದುಕೊಂಡೇ ಒಲೆ ಹತ್ತಿರ ಬರಬೇಕು ಎಂದು ಕಲಿಸಿದ್ದಾರೆ. ಎಂಜಲು ಲೋಟ ಯಾರೂ ಬೇರೆಯವರ ಲೋಟದ ಪಕ್ಕ ಇಡುವುದಿಲ್ಲ. ಆದರೂ ಒಳಗೆ ಕಾಲಿಟ್ಟರೆ ಹೇಸಿಗೆ ಆಗುತ್ತದೆ. ಯಾಕೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಬಚ್ಚಲ ನೆಲ ಯಾವತ್ತೂ ಒಣಗುವುದಿಲ್ಲ. ಒಬ್ಬರು ಹೊರಗೆ ಬರುತ್ತಿದ್ದಂತೆ ಇನ್ನೊಬ್ಬರು ಒಳಗೆ. ಕಿಟಕಿ ಒಂದಡಿ, ಫ್ಯಾನ್ ಕೆಟ್ಟು ವರ್ಷವಾಯಿತು. ಒಣಗದ ಮೂಲೆಯಲ್ಲಿ ಲೋಳೆ ಕಟ್ಟುತ್ತದೆ, ಗೋಡೆ ಕಪ್ಪಾಗುತ್ತದೆ. ಪಾತ್ರೆ ಉಜ್ಜುವ ಸ್ಪಂಜಿನದ್ದೂ ಅದೇ ಕತೆ. ಹನ್ನೆರಡು ಕೈ ದಾಟಿ ಸದಾ ಒದ್ದೆ. ಅದರಲ್ಲಿ ತೊಳೆದ ತಟ್ಟೆ ಮೂಗಿನ ಹತ್ತಿರ ಹಿಡಿದರೆ ನಾತ. ಕೊಳವೆಬಾವಿಯ ಗಡಸು ನೀರು ಮಗ್ಗು, ನಲ್ಲಿ, ಟೈಲ್ಸ್ ಎಲ್ಲದರ ಮೇಲೂ ಬಿಳಿ ಪದರ ಕೂರಿಸಿದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಿಜವಾಗಿ ತೊಳೆದ ಮಗ್ಗನ್ನೂ ಮುಟ್ಟಲು ಮನಸ್ಸು ಬರುವುದಿಲ್ಲ.

ಇನ್ನು ಚರಂಡಿ ವಾಸನೆ. ಸಾಲು ರಜೆ ಬಂದು ಎಲ್ಲರೂ ಊರಿಗೆ ಹೋಗಿ ಬಂದಾಗ ಅದು ತಡೆಯಲಾಗದಷ್ಟು ಇರುತ್ತದೆ. ಪ್ಲಂಬರ್ ಒಬ್ಬರು ಕಾರಣ ಹೇಳಿದರು. ಜಾಲರಿಯ ಕೆಳಗಿನ ನಹನಿ ಟ್ರ್ಯಾಪಿನಲ್ಲಿ ಸ್ವಲ್ಪ ನೀರು ನಿಂತಿದ್ದು, ಅದೇ ಕೆಳಗಿನ ವಾಸನೆಯನ್ನು ತಡೆಯುತ್ತದಂತೆ. ನೀರು ಒಣಗಿದರೆ ಅಥವಾ ಒಳಗಿನ ಬಟ್ಟಲು ತೆಗೆದು ಬಿಸಾಡಿದರೆ ನಾತವೂ ಜಿರಲೆಯೂ ನೇರ ಮೇಲೆ. ನಮ್ಮ ಬಚ್ಚಲಿನ ಬಟ್ಟಲು ಬ್ಲಾಕ್ ತೆಗೆಯಲು ಬಂದವರು ತೆಗೆದಿಟ್ಟು ಆರು ತಿಂಗಳಾಯಿತು. ಮತ್ತೆ ಹಾಕಲೇ ಇಲ್ಲ. ಚಿಕ್ಕದೊಂದು ಬಟ್ಟಲು ಅದು! ಇದನ್ನೂ ಒಳಗೆ ಇರುವವರೇ ಮಾಡಬೇಕಾ?

ಅಧಿಕಾರಿಗಳಿಗೆ ಇದೆಲ್ಲ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. 2024ರಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿಯೇ ಪಿಜಿಗಳಿಗೆ ನಿಯಮ ಮಾಡಿತ್ತಲ್ವಾ? ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಡುಗೆಮನೆ ಇದ್ದರೆ ಆಹಾರ ಸುರಕ್ಷತಾ ಪರವಾನಗಿ, ಸಹಾಯವಾಣಿ ಸಂಖ್ಯೆಯ ಬೋರ್ಡು. ನಮ್ಮ ರೂಮು ಹತ್ತಕ್ಕೆ ಹನ್ನೆರಡು, ಅಂದರೆ 120 ಚದರ ಅಡಿ. ಅದರಲ್ಲಿ ಮೂರು ಮಂಚ. ಕಟ್ಟಡದಲ್ಲಿ 36 ಜನ. ನಿಯಮದ ಲೆಕ್ಕಕ್ಕೆ ದಿನಕ್ಕೆ 4860 ಲೀಟರ್ ನೀರು ಬೇಕು. ಮೇಲಿರುವುದು 3000 ಲೀಟರಿನ ಒಂದು ಟ್ಯಾಂಕ್, ಮೋಟಾರ್ ಹಾಕುವುದು ದಿನಕ್ಕೆ ಒಂದೇ ಸಲ. ರಾತ್ರಿ ಒಂಬತ್ತಕ್ಕೆ ಫ್ಲಶ್ ಒತ್ತಿದರೆ ಬರೀ ಗಾಳಿ. ಬೆಳಿಗ್ಗೆಯವರೆಗೆ ಹಾಗೇ ಬಿಟ್ಟು ಮಲಗಬೇಕು. ನೀರೇ ಕೊಡದೆ ಶುಚಿಯಾಗಿರಿ ಎನ್ನುವುದು ಯಾವ ನ್ಯಾಯ?

ಅದೇ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲಿನ 47 ವಿದ್ಯಾರ್ಥಿಗಳು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದ್ದರು. ನಾಳೆಯ ವೈದ್ಯರು ಇರುವ ಜಾಗದಲ್ಲೇ ಹಾಗಾಯಿತು. ಆಗ ನಾಲ್ಕು ದಿನ ಎಲ್ಲ ಕಡೆ ತಪಾಸಣೆ ಎಂದರು. ಆಮೇಲೆ ಎಲ್ಲರೂ ಮರೆತರು. ಈಗ ಬಿಬಿಎಂಪಿಯೇ ಇಲ್ಲ, 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ. ಕಳೆದ ತಿಂಗಳು ಫೋನ್ ಮಾಡಿದರೆ ಒಂದು ಕಚೇರಿಯವರು ನಿಮ್ಮ ರಸ್ತೆ ನಮಗೆ ಬರಲ್ಲ ಅಂದರು. ಇನ್ನೊಂದರಲ್ಲಿ ಫೋಟೋ ಕಳಿಸಿ ಅಂದರು. ಕಳಿಸಿದೆ. ನಾತ ಫೋಟೋದಲ್ಲಿ ಬರುತ್ತದಾ? ಇದೇ ಜನ ನಮ್ಮ ರಸ್ತೆಯ ಮ್ಯಾನ್‌ಹೋಲ್ ಉಕ್ಕಿದಾಗ ಹನ್ನೊಂದು ದಿನ ಬರಲಿಲ್ಲ. ಅಗೆದ ಫುಟ್‌ಪಾತ್ ಇನ್ನೂ ಹಾಗೇ ಇದೆ. ಹೋದ ಮಳೆಗಾಲದಲ್ಲಿ ಅಲ್ಲೇ ಜಾರಿ ನನ್ನ ರೂಮಿನ ಹುಡುಗಿಯ ಕಾಲು ಉಳುಕಿತು.

ಸೋಮವಾರದ ಭೇಟಿಯನ್ನು ನಾನೇ ನೋಡಿದ್ದೇನೆ. ಜ್ವರ ಎಂದು ರಜೆ ಹಾಕಿ ರೂಮಿನಲ್ಲಿದ್ದೆ. ಬಂದದ್ದು ಹನ್ನೊಂದೂವರೆಗೆ. ಎಲ್ಲರೂ ಸಿಲ್ಕ್ ಬೋರ್ಡ್ ದಾಟಿ ಕೆಲಸಕ್ಕೆ ಹೋಗಿದ್ದಾರೆ, ಅಕ್ಕ ಆಗಲೇ ಫಿನಾಯಿಲ್ ಸುರಿದು ಹೋಗಿದ್ದಾರೆ. ಕೆಳಗೆ ಮಾಲೀಕರ ರೂಮಿನಲ್ಲಿ ಕೂತು ರಿಜಿಸ್ಟರ್ ನೋಡಿದರು. ಮೆಟ್ಟಿಲು ಹತ್ತಲೇ ಇಲ್ಲ. ಇಷ್ಟಾದ ಮೇಲೆ ತಪ್ಪು ಒಳಗೆ ಇರುವವರದು ಎಂದು ಪತ್ರಿಕೆಗೆ ಹೇಳುವುದಕ್ಕೆ ಬಾಯಿ ಹೇಗೆ ಬಂತು?

ಬೆಳಿಗ್ಗೆ ಏಳಕ್ಕೆ ಬನ್ನಿ. ಹೇಳದೇ ಬನ್ನಿ. ಸಾಲಿನಲ್ಲಿ ಬಕೆಟ್ ಹಿಡಿದು ನಿಂತಿರುವ ನಮ್ಮನ್ನು ಮಾತಾಡಿಸಿ. ಮಾಲೀಕರಿಗೆ ದಂಡ ಹಾಕಿ, ಆದರೆ ಆ ದಂಡ ಮುಂದಿನ ತಿಂಗಳು ನಮ್ಮ ಬಾಡಿಗೆಗೆ ಸೇರದ ಹಾಗೆ ನೋಡಿಕೊಳ್ಳಿ. ಇಂಥ ಪಿಜಿಗಳ ಪರವಾನಗಿ ರದ್ದು ಮಾಡಿ. ಮಾಡಿದ ದಿನವೇ ಬೀಗ ಜಡಿದು ನಮ್ಮ ಟ್ರಂಕುಗಳನ್ನು ರಸ್ತೆಗೆ ಹಾಕಬೇಡಿ, ನಮಗೆ ಈ ಊರಲ್ಲಿ ಬೇರೆ ಮನೆಯಿಲ್ಲ. ಹೇಗೆ ಮಾಡುತ್ತೀರೋ ನನಗೆ ಗೊತ್ತಿಲ್ಲ, ಅದಕ್ಕೇ ಅಲ್ಲವೇ ನಿಮಗೆ ಸಂಬಳ ಕೊಡುವುದು? ಅದೂ ಆಗದಿದ್ದರೆ, ಮಂಗಳವಾರದ ಪತ್ರಿಕೆಯಲ್ಲಿ ಬಂದ ಆ ಮಾತನ್ನಾದರೂ ವಾಪಸ್ ತೆಗೆದುಕೊಳ್ಳಿ.

— ಪಿಜಿಯಲ್ಲಿರುವ ಓದುಗರೊಬ್ಬರು, ಬೆಂಗಳೂರು